ಎಫ್2ಎಫ್‌ಎಸ್ ಹಾಕೋದಾ, ಇಎಕ್ಸ್‌ಟಿ4 ಸಾಕಾ? (ಎಸ್‌ಎಸ್‌ಡಿ, ಎಸ್‌ಡಿ ಕಾರ್ಡ್ ಎರಡಕ್ಕೂ)

ನಿಶಾಚರಿ
ಹೊಸ ಎನ್‌ವಿಎಂಇ ಡ್ರೈವ್ (ವೇಗದ ಎಸ್‌ಎಸ್‌ಡಿ) ಬಂದಿದೆ, ಲಿನಕ್ಸ್ ಮೊದಲಿಂದ ಇನ್‌ಸ್ಟಾಲ್ ಮಾಡಬೇಕು. ಪಾರ್ಟಿಷನ್ ಪಟ್ಟಿಯಲ್ಲಿ ಇಎಕ್ಸ್‌ಟಿ4, ಎಕ್ಸ್‌ಎಫ್‌ಎಸ್, ಬಿಟಿಆರ್‌ಎಫ್‌ಎಸ್ ಜೊತೆ ಎಫ್2ಎಫ್‌ಎಸ್ ಕೂಡ ಕಾಣ್ತಿದೆ. ಫ್ಲ್ಯಾಶ್‌ಗಾಗಿಯೇ ಬರೆದ ಫೈಲ್ ಸಿಸ್ಟಮ್ (ಡಿಸ್ಕ್‌ನಲ್ಲಿ ಫೈಲುಗಳನ್ನು ಜೋಡಿಸಿಡುವ ವ್ಯವಸ್ಥೆ) ಅಂತ ಎಲ್ಲರೂ ಹೇಳ್ತಾರೆ, ಯಾವ ಲೆಕ್ಕದಲ್ಲಿ ಅಂತ ಬಿಡಿಸಿ ಹೇಳಿದವರನ್ನು ಕಂಡಿಲ್ಲ. ನನ್ನ ಅನುಮಾನ ಇಷ್ಟೇ: ಎಸ್‌ಎಸ್‌ಡಿ ಒಳಗಿನ ಕಂಟ್ರೋಲರ್ ಹೇಗೂ ಎಲ್ಲಿ ಬರೀಬೇಕು, ಯಾವುದನ್ನು ಅಳಿಸಬೇಕು ಅಂತ ತಾನೇ ನೋಡಿಕೊಳ್ಳುತ್ತದಲ್ಲ, ಹಾಗಿದ್ದ ಮೇಲೆ ಮೇಲಿನ ಫೈಲ್ ಸಿಸ್ಟಮ್‌ಗೆ ಅದರ ಉಸಾಬರಿ ಯಾಕೆ?

ಲ್ಯಾಪ್‌ಟಾಪ್‌ನಲ್ಲಿ ಕೋಡ್ ಕಂಪೈಲ್ ಮಾಡೋದೇ ಜಾಸ್ತಿ, ಅಂದರೆ ಲೆಕ್ಕವಿಲ್ಲದಷ್ಟು ಸಣ್ಣ ಫೈಲುಗಳು. ಇದರ ಜೊತೆ ಎಸ್‌ಡಿ ಕಾರ್ಡ್‌ನಿಂದ ಬೂಟ್ ಆಗುವ ಪುಟ್ಟ ಬೋರ್ಡ್ ಒಂದಿದೆ. ಸೆನ್ಸರ್ ರೀಡಿಂಗ್‌ಗಳನ್ನು ಹಗಲೂ ರಾತ್ರಿ ಎಸ್‌ಕ್ಯುಲೈಟ್ ಡೇಟಾಬೇಸ್‌ಗೆ ಬರೀತಾ ಇರುತ್ತೆ. ಎರಡಕ್ಕೂ ಏನು ಹಾಕಲಿ?

ಬೈಟುಬೈಟು
ಇಎಕ್ಸ್‌ಟಿ4 ಹಾಕಿ ಮಲ್ಕೊಳ್ಳಿ. ಮುಂದಿನ ಪ್ರಶ್ನೆ.

ಚಿಪ್ಪಿನೊಳಗೆ
ಲ್ಯಾಪ್‌ಟಾಪ್ ಮಟ್ಟಿಗೆ ಬೈಟುಬೈಟು ಹೇಳಿದ್ದು ಸರಿ ಇರಬಹುದು. ಆದರೆ ಕೇಳಿದ ಪ್ರಶ್ನೆ ಒಳ್ಳೆಯದು, ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಎಸ್‌ಎಸ್‌ಡಿ, ಎಸ್‌ಡಿ ಕಾರ್ಡ್‌ಗಳೊಳಗಿನ ನ್ಯಾಂಡ್ ಫ್ಲ್ಯಾಶ್ ಚಿಪ್‌ನಲ್ಲಿ ಬರೆಯುವ ಅಳತೆ ಬೇರೆ, ಅಳಿಸುವ ಅಳತೆ ಬೇರೆ. ಬರೆಯುವುದು ಪೇಜ್ ಲೆಕ್ಕದಲ್ಲಿ, ಒಂದು ಪೇಜ್ ಅಂದರೆ ಕೆಲವು ಕಿಲೋಬೈಟ್. ಅಳಿಸುವುದು ಬ್ಲಾಕ್ ಲೆಕ್ಕದಲ್ಲಿ, ಈಗಿನ ಚಿಪ್‌ಗಳಲ್ಲಿ ಅದು ಮೆಗಾಬೈಟ್‌ಗಳಿಗೆ ಹೋಗುತ್ತದೆ. ಒಮ್ಮೆ ಬರೆದ ಪೇಜ್ ಮೇಲೆ ಅಳಿಸದೆ ಮತ್ತೆ ಬರೆಯಲು ಬರುವುದಿಲ್ಲ. ಆದ್ದರಿಂದ ನೀವು 4 ಕೆಬಿ ಬದಲಾಯಿಸಿದರೆ ಕಂಟ್ರೋಲರ್ ಅದನ್ನು ಬೇರೆ ಖಾಲಿ ಪೇಜ್‌ನಲ್ಲಿ ಬರೆದು, ಹಳೆಯದು ಇನ್ನು ಬೇಡ ಎಂದು ಗುರುತು ಹಾಕಿ, ಯಾವ ವಿಳಾಸ ಎಲ್ಲಿಗೆ ಹೋಯಿತು ಎಂಬ ನಕ್ಷೆಯನ್ನು ತಿದ್ದುತ್ತದೆ. ಈ ಕೆಲಸ ಮಾಡುವ ಫರ್ಮ್‌ವೇರ್‌ನ ಹೆಸರು ಎಫ್‌ಟಿಎಲ್, ಫ್ಲ್ಯಾಶ್ ಟ್ರಾನ್ಸ್‌ಲೇಷನ್ ಲೇಯರ್. ಖಾಲಿ ಬ್ಲಾಕ್‌ಗಳು ಮುಗಿಯುತ್ತ ಬಂದಾಗ ಅರ್ಧಂಬರ್ಧ ತುಂಬಿದ ಬ್ಲಾಕ್‌ಗಳಿಂದ ಬದುಕಿರುವ ಪೇಜ್‌ಗಳನ್ನು ಎತ್ತಿ ಬೇರೆಡೆ ಇಟ್ಟು, ಪೂರ್ತಿ ಬ್ಲಾಕ್ ಅಳಿಸುತ್ತದೆ. ನೀವು ಬರೆದದ್ದು ಒಂದಾದರೆ ಚಿಪ್ ಮೇಲೆ ಬಿದ್ದದ್ದು ಎರಡೋ ಮೂರೋ ಆಗುವುದು ಇಲ್ಲಿಂದಲೇ.

ಈ ನಕ್ಷೆ ಇಟ್ಟುಕೊಳ್ಳಲು ಮೆಮೊರಿ ಬೇಕು. ಒಳ್ಳೆಯ ಎನ್‌ವಿಎಂಇ ಡ್ರೈವ್‌ನಲ್ಲಿ ಅದಕ್ಕೆಂದೇ ಡಿರ‍್ಯಾಮ್ ಇರುತ್ತದೆ, ಅಥವಾ ಕಂಪ್ಯೂಟರ್‌ನ ಮೆಮೊರಿಯನ್ನೇ ಸ್ವಲ್ಪ ಕಡ ಪಡೆಯುತ್ತದೆ. ಎಸ್‌ಡಿ ಕಾರ್ಡ್, ಹಳೆಯ ಇಎಂಎಂಸಿ (ಫೋನ್, ಬೋರ್ಡ್‌ಗಳಲ್ಲೇ ಕೂರಿಸಿದ ಫ್ಲ್ಯಾಶ್) ಇವುಗಳಲ್ಲಿ ಆ ಸೌಕರ್ಯವಿಲ್ಲ. ಅವುಗಳ ನಕ್ಷೆ ದಪ್ಪ ದಪ್ಪ ತುಂಡುಗಳ ಲೆಕ್ಕದಲ್ಲಿರುತ್ತದೆ. ಸಾಲಾಗಿ ಬರೆದರೆ ಓಡುತ್ತವೆ, ಅಲ್ಲೊಂದು ಇಲ್ಲೊಂದು ಬರೆದರೆ ಏದುಸಿರು ಬಿಡುತ್ತವೆ. ಎಫ್2ಎಫ್‌ಎಸ್ ಹುಟ್ಟಿದ್ದು ಈ ನೋವಿಗೆ. ಚದುರಿದ ಬರಹವನ್ನೆಲ್ಲ ಒಟ್ಟುಮಾಡಿ ಸಾಲು ಬರಹವಾಗಿ ಕೆಳಗೆ ಕಳಿಸುವುದು ಅದರ ಮುಖ್ಯ ಕೆಲಸ. ಸ್ಯಾಮ್‌ಸಂಗ್‌ನಲ್ಲಿ ಜೇಗುಕ್ ಕಿಮ್ ಬರೆದದ್ದು, 2012ರಲ್ಲಿ ಹೊರಗೆ ಬಂತು, 2013ರ ಫೆಬ್ರವರಿಯಲ್ಲಿ ಬಿಡುಗಡೆಯಾದ ಲಿನಕ್ಸ್ 3.8ರಲ್ಲಿ ಸೇರಿತು.

ಇನ್ನೊಂದು ಮಾತು. ಇದು ಬರಿಯ ನ್ಯಾಂಡ್ ಚಿಪ್ ಮೇಲೆ ಕೂರುವ ಫೈಲ್ ಸಿಸ್ಟಮ್ ಅಲ್ಲ. ಅದಕ್ಕೆ ಜೆಎಫ್‌ಎಫ್‌ಎಸ್2, ಯುಬಿಐಎಫ್‌ಎಸ್ ಬೇರೆ ಇವೆ. ಕೆಳಗೆ ಎಫ್‌ಟಿಎಲ್ ಇದ್ದೇ ಇರುತ್ತದೆ ಎಂದು ಒಪ್ಪಿಕೊಂಡು, ಅದಕ್ಕೆ ಹಿತವಾಗುವಂತೆ ಬರೆಯುವುದು ಎಫ್2ಎಫ್‌ಎಸ್‌ನ ದಾರಿ.

ಶೂನ್ಯಸೂಚಿ
ವಿವರಣೆ ಚೆನ್ನಾಗಿದೆ, ಆದರೆ ನಿಶಾಚರಿಯವರ ತಕರಾರು ಇನ್ನೂ ಹಾಗೇ ನಿಂತಿದೆ. ಎಫ್‌ಟಿಎಲ್ ತಾನೇ ಒಂದು ಲಾಗ್, ಅಂದರೆ ಹಳೆಯದನ್ನು ಇದ್ದಲ್ಲೇ ತಿದ್ದದೆ ಹೊಸದನ್ನು ಸಾಲಾಗಿ ಕೊನೆಗೆ ಸೇರಿಸುತ್ತ ಹೋಗುವ ಬಗೆ. ಅದರ ಮೇಲೆ ಇನ್ನೊಂದು ಲಾಗ್ ಹೇರಿದರೆ, ಮೇಲಿನದು ಒಮ್ಮೆ ಕ್ಲೀನಿಂಗ್ (ಬದುಕಿರುವುದನ್ನು ಎತ್ತಿಟ್ಟು ಜಾಗ ಖಾಲಿ ಮಾಡುವುದು) ಮಾಡುತ್ತದೆ, ಕೆಳಗಿನದು ಮತ್ತೊಮ್ಮೆ. ಒಬ್ಬರಿಗೊಬ್ಬರು ಮಾತಾಡಿಕೊಳ್ಳದೆ ಇಬ್ಬರು ಒಂದೇ ಅಂಗಳ ಗುಡಿಸಿದ ಹಾಗೆ. ಅವನು ಗುಡಿಸಿ ಇಟ್ಟ ಮೂಲೆಗೇ ಇವನು ಕಸ ತಳ್ಳುತ್ತಾನೆ.

ಲಾಗ್ ರೂಪದ ಫೈಲ್ ಸಿಸ್ಟಮ್ ಹೊಸ ಯೋಚನೆಯೂ ಅಲ್ಲ. ರೋಸೆನ್‌ಬ್ಲಮ್ ಮತ್ತು ಔಸ್ಟರ್‌ಹೌಟ್ 1991ರಲ್ಲೇ ಸ್ಪ್ರೈಟ್ ಎಲ್‌ಎಫ್‌ಎಸ್ ಬಗ್ಗೆ ಬರೆದಿದ್ದರು, ಅದೂ ತಿರುಗುವ ಡಿಸ್ಕ್‌ಗಾಗಿ. ಅದು ಮನೆಮಾತಾಗದೆ ಹೋಗಲು ಎರಡು ಕಾರಣ. ಒಂದು ಕ್ಲೀನಿಂಗ್ ಹೊರೆ. ಇನ್ನೊಂದು, ಯಾವ ಬ್ಲಾಕನ್ನೂ ಇದ್ದಲ್ಲೇ ತಿದ್ದುವಂತಿಲ್ಲವಾದ್ದರಿಂದ ಒಂದು ಡೇಟಾ ಬ್ಲಾಕ್ ಜಾಗ ಬದಲಿಸಿದರೆ ಅದನ್ನು ತೋರಿಸುವ ಪಾಯಿಂಟರ್ ಬ್ಲಾಕ್ ಬದಲಾಗಬೇಕು, ಅದನ್ನು ತೋರಿಸುವುದೂ ಬದಲಾಗಬೇಕು, ಹೀಗೆ ಫೈಲ್‌ನ ವಿವರ ಇಡುವ ಐನೋಡ್‌ವರೆಗೆ, ಅಲ್ಲಿಂದ ಐನೋಡ್ ನಕ್ಷೆಯವರೆಗೆ. ಎಫ್2ಎಫ್‌ಎಸ್ ಇವೆರಡನ್ನೂ ಹೇಗೆ ದಾಟಿತು?

ಚಿಪ್ಪಿನೊಳಗೆ
@ಶೂನ್ಯಸೂಚಿ ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇನೆ, ಈ ಫೈಲ್ ಸಿಸ್ಟಮ್‌ನಲ್ಲಿ ನನಗೆ ಅತಿ ಇಷ್ಟವಾದ ಭಾಗ ಅದು.

ಎಫ್2ಎಫ್‌ಎಸ್‌ನಲ್ಲಿ ಐನೋಡ್, ಪಾಯಿಂಟರ್ ಬ್ಲಾಕ್ ಎಲ್ಲವೂ ನೋಡ್‌ಗಳೇ. ಪ್ರತಿ ನೋಡ್‌ಗೂ ಒಂದು ಸಂಖ್ಯೆ. ಮೇಲಿನ ನೋಡ್ ಕೆಳಗಿನ ನೋಡನ್ನು ಡಿಸ್ಕ್ ವಿಳಾಸದಿಂದ ಗುರುತಿಸುವುದಿಲ್ಲ, ಈ ಸಂಖ್ಯೆಯಿಂದ ಗುರುತಿಸುತ್ತದೆ. ಯಾವ ಸಂಖ್ಯೆ ಈಗ ಡಿಸ್ಕ್‌ನಲ್ಲಿ ಎಲ್ಲಿದೆ ಎಂಬುದು ಎನ್‌ಎಟಿ ಎಂಬ ಬೇರೆ ಕೋಷ್ಟಕದಲ್ಲಿರುತ್ತದೆ, ನೋಡ್ ಅಡ್ರೆಸ್ ಟೇಬಲ್. ದೊಡ್ಡ ಫೈಲ್‌ನ ನಡುವೆ ಒಂದು ಬ್ಲಾಕ್ ಬದಲಾದರೆ ಹೊಸ ಡೇಟಾ ಬ್ಲಾಕ್, ಅದನ್ನು ನೇರವಾಗಿ ತೋರಿಸುವ ನೋಡ್‌ನ ಹೊಸ ಪ್ರತಿ, ಎನ್‌ಎಟಿಯಲ್ಲಿ ಒಂದು ಸಾಲಿನ ತಿದ್ದುಪಡಿ. ಸರಪಳಿ ಅಲ್ಲಿಗೇ ಕಡಿಯಿತು. ಎನ್‌ಎಟಿ, ಸೆಗ್‌ಮೆಂಟ್‌ಗಳ ಲೆಕ್ಕ ಇಡುವ ಎಸ್‌ಐಟಿ, ಎಲ್ಲವೂ ಸರಿಯಿದ್ದ ಕೊನೆಯ ಸ್ಥಿತಿಯನ್ನು ದಾಖಲಿಸುವ ಚೆಕ್‌ಪಾಯಿಂಟ್ ಇವೆಲ್ಲ ಪಾರ್ಟಿಷನ್‌ನ ಮುಂಭಾಗದಲ್ಲಿ ಒಟ್ಟಿಗೆ ಇರುತ್ತವೆ. ಲಾಗ್ ಆಗಿ ಬರೆಯುವುದು ಉಳಿದ ಮುಖ್ಯ ಭಾಗದಲ್ಲಿ ಮಾತ್ರ.

ಇನ್ನು ಕ್ಲೀನಿಂಗ್. ಜಾಗವನ್ನು 2 ಎಂಬಿ ಸೆಗ್‌ಮೆಂಟ್‌ಗಳಾಗಿ ಕತ್ತರಿಸಿದ್ದಾರೆ. ಸ್ಪ್ರೈಟ್‌ನಲ್ಲಿ ಬರೆಯುವ ತುದಿ ಒಂದೇ ಇತ್ತು, ಇಲ್ಲಿ ಒಂದೇ ಹೊತ್ತಿಗೆ ಆರು ಇವೆ. ನೋಡ್‌ಗಳಿಗೆ ಮೂರು, ಡೇಟಾಗೆ ಮೂರು. ಬಿಸಿ, ಬೆಚ್ಚಗೆ, ತಣ್ಣಗೆ. ಡೈರೆಕ್ಟರಿ ನಮೂದುಗಳು ಆಗಾಗ ಬದಲಾಗುತ್ತವೆ, ಅವು ಬಿಸಿ. ಸಾಮಾನ್ಯ ಫೈಲ್ ಡೇಟಾ ಬೆಚ್ಚಗೆ. ವಿಡಿಯೊ, ಚಿತ್ರಗಳಂಥ ಒಮ್ಮೆ ಬರೆದು ಬಿಡುವ ಫೈಲುಗಳು ತಣ್ಣಗೆ; ಇದನ್ನು ಫೈಲ್ ಹೆಸರಿನ ಬಾಲ ನೋಡಿಯೇ ಊಹಿಸುತ್ತದೆ, ಒರಟು ಉಪಾಯವಾದರೂ ಫೋನ್‌ನಲ್ಲಿ ನಡೆಯುತ್ತದೆ. ಕ್ಲೀನಿಂಗ್‌ನಲ್ಲಿ ಎತ್ತಿಟ್ಟ ಬ್ಲಾಕ್‌ಗಳನ್ನೂ ತಣ್ಣಗಿನ ಸಾಲಿಗೇ ಸೇರಿಸುತ್ತದೆ, ಇಷ್ಟು ಕಾಲ ಬದುಕಿದ್ದು ಇನ್ನೂ ಬದುಕುತ್ತದೆ ಎಂಬ ಲೆಕ್ಕ. ಒಂದೇ ಆಯಸ್ಸಿನ ಡೇಟಾ ಒಂದೇ ಸೆಗ್‌ಮೆಂಟ್‌ನಲ್ಲಿದ್ದರೆ ಅದು ಬಹುಪಾಲು ಒಟ್ಟಿಗೇ ಸಾಯುತ್ತದೆ. ಆಗ ಎತ್ತಿಡಬೇಕಾದದ್ದು ಕಡಿಮೆ.

ಲಾಗ್ ಮೇಲೆ ಲಾಗ್ ಎಂಬ ಆಕ್ಷೇಪ ಮಾತ್ರ ನಿಜ, ಅದನ್ನು ತಳ್ಳಿಹಾಕಲಾರೆ. ಒಳ್ಳೆಯ ಎಫ್‌ಟಿಎಲ್ ಇರುವ ಡ್ರೈವ್‌ನಲ್ಲಿ ಮೇಲಿನ ಲಾಗ್‌ನಿಂದ ಸಿಗುವ ಲಾಭ ಕಿರಿದಾಗುತ್ತ ಹೋಗುತ್ತದೆ.

ಟರ್ಮಿನಲ್‌ಪ್ರಿಯೆ
ಫೋನ್ ಕಡೆಯಿಂದ ನಾನೊಂದಿಷ್ಟು ಸೇರಿಸ್ತೀನಿ, ಆಂಡ್ರಾಯ್ಡ್ ಬಿಲ್ಡ್‌ಗಳ ಜೊತೆ ಏಗೋದೇ ನನ್ನ ಕೆಲಸ.

ಸಾಲು ಬರಹದ ಬಗ್ಗೆ ಎಲ್ರೂ ಮಾತಾಡ್ತಾರೆ. ಫೋನ್‌ನಲ್ಲಿ ಪ್ರಾಣ ತಿನ್ನೋದು ಎಫ್‌ಸಿಂಕ್, ಅಂದ್ರೆ ಬರೆದದ್ದು ನಿಜವಾಗಿ ಡಿಸ್ಕ್ ಸೇರಲಿ ಅಂತ ಆ್ಯಪ್ ಕೇಳಿ ಕಾಯೋದು. ಪ್ರತಿ ಆ್ಯಪ್‌ನಲ್ಲೂ ಎಸ್‌ಕ್ಯುಲೈಟ್ ಇದೆ. ಒಂದು ಸಂದೇಶ ಬಂದ್ರೆ ಒಂದು ಟ್ರಾನ್ಸ್ಯಾಕ್ಷನ್, ಅದಕ್ಕೆ ಡೇಟಾಬೇಸ್ ಫೈಲ್‌ಗೂ ಅದರ ಜರ್ನಲ್‌ಗೂ (ಕರೆಂಟ್ ಹೋದ್ರೆ ಸರಿಪಡಿಸ್ಕೊಳ್ಳೋಕೆ ಇಡೋ ದಾಖಲೆ) ಎಫ್‌ಸಿಂಕ್. ಇಎಕ್ಸ್‌ಟಿ4 ಅದರ ಕೆಳಗೆ ತನ್ನದೇ ಜರ್ನಲ್ ಕಮಿಟ್ ಮಾಡ್ತದೆ. ಜರ್ನಲ್‌ಗೆ ಜರ್ನಲ್. ಎಫ್2ಎಫ್‌ಎಸ್ ಎಫ್‌ಸಿಂಕ್ ಬಂದಾಗ ಪೂರ್ತಿ ಚೆಕ್‌ಪಾಯಿಂಟ್ ಬರೆಯೋಕೆ ಹೋಗಲ್ಲ. ಆ ಫೈಲ್‌ನ ಡೇಟಾ ಬ್ಲಾಕ್, ಅದರ ನೋಡ್ ಬ್ಲಾಕ್ ಬರೆದು, ನೋಡ್ ಮೇಲೆ "ಇದು ಎಫ್‌ಸಿಂಕ್ ಆದದ್ದು" ಅಂತ ಗುರುತು ಹಾಕಿ ಕೈ ತೊಳ್ಕೊಳ್ತದೆ. ಕರೆಂಟ್ ಹೋದ್ರೆ ಮುಂದಿನ ಮೌಂಟ್‌ನಲ್ಲಿ (ಪಾರ್ಟಿಷನ್ ಮತ್ತೆ ಬಳಕೆಗೆ ತೆರೆಯುವಾಗ) ಕೊನೆಯ ಚೆಕ್‌ಪಾಯಿಂಟ್‌ಗೆ ಮರಳಿ, ಅಲ್ಲಿಂದ ಮುಂದೆ ಗುರುತಿರೋ ನೋಡ್‌ಗಳನ್ನು ಹುಡುಕಿ ಒಂದೊಂದಾಗಿ ಸೇರಿಸ್ಕೊಳ್ತದೆ.

ಮೋಟೊರೊಲಾ ಫೋನ್‌ಗಳಲ್ಲಿ ಬೇಗ ಬಂತು, ಗೂಗಲ್ ಪಿಕ್ಸೆಲ್ 3ರಿಂದ ತನ್ನ ಫೋನ್‌ಗಳಿಗೂ ತಗೊಂಡಿತು. ಈಗ ಎಷ್ಟೋ ಆಂಡ್ರಾಯ್ಡ್ ಫೋನ್‌ಗಳ ಯೂಸರ್‌ಡೇಟಾ ಪಾರ್ಟಿಷನ್ (ನಿಮ್ಮ ಆ್ಯಪ್, ಫೈಲ್‌ಗಳಿರೋ ಭಾಗ) ಇದೇ. ಈ ಥ್ರೆಡ್ ಓದ್ತಿರೋರಲ್ಲಿ ಅರ್ಧ ಜನ ಗೊತ್ತಿಲ್ಲದೇನೇ ಇದನ್ನ ಬಳಸ್ತಿದ್ದೀರಿ!

ಆಂಡ್ರಾಯ್ಡ್ 10ರಲ್ಲಿ ಬಂದ ಇನ್ನೊಂದು ಉಪಯೋಗ ನಂಗಿಷ್ಟ. ಸಿಸ್ಟಮ್ ಅಪ್‌ಡೇಟ್ ಆದ ಮೇಲೆ ಮೊದಲ ಸಲ ಬೂಟ್ ಆಗುವಾಗ ಯೂಸರ್‌ಡೇಟಾವನ್ನು ಚೆಕ್‌ಪಾಯಿಂಟ್ ನಿಲ್ಲಿಸಿ ಮೌಂಟ್ ಮಾಡಬಹುದು. ಹೊಸ ವರ್ಶನ್ ಸರಿಯಾಗಿ ಎದ್ದರೆ ಎಲ್ಲ ಖಾಯಂ. ಏಳದಿದ್ರೆ ಹಳೆ ಚೆಕ್‌ಪಾಯಿಂಟ್‌ಗೆ ಮರಳಿದ್ರೆ ಆಯ್ತು, ಹೊಸ ವರ್ಶನ್ ನಿಮ್ಮ ಡೇಟಾ ಮುಟ್ಟಿದ್ದೇ ಸುಳ್ಳು. ಇದ್ದಲ್ಲೇ ತಿದ್ದುವ ಫೈಲ್ ಸಿಸ್ಟಮ್‌ನಲ್ಲಿ ಇಷ್ಟು ಸಲೀಸಲ್ಲ. ಇಎಕ್ಸ್‌ಟಿ4 ಇದ್ದರೆ ಅದೇ ಕೆಲಸಕ್ಕೆ ಬ್ಲಾಕ್ ಮಟ್ಟದಲ್ಲಿ ಬೇರೆ ಏರ್ಪಾಡು ಮಾಡಬೇಕಾಗ್ತದೆ.

ಬೈಟುಬೈಟು
ಸರಿ ಸರಿ, ಥಿಯರಿ ಆಯ್ತು. ನಂಬರ್ ಎಲ್ಲಿ?

ಶೂನ್ಯಸೂಚಿ
2015ರ ಫಾಸ್ಟ್ ಎಂಬ ಸ್ಟೋರೇಜ್ ಸಮ್ಮೇಳನದ ಎಫ್2ಎಫ್‌ಎಸ್ ಪ್ರಬಂಧದಲ್ಲಿವೆ. ಮೊಬೈಲ್‌ನಲ್ಲಿ ಇಎಕ್ಸ್‌ಟಿ4ಗಿಂತ ಐಯೊಜೋನ್ ಪರೀಕ್ಷೆಯಲ್ಲಿ 3.1 ಪಟ್ಟಿನವರೆಗೆ, ಎಸ್‌ಕ್ಯುಲೈಟ್‌ನಲ್ಲಿ 2 ಪಟ್ಟಿನವರೆಗೆ. ಸರ್ವರ್ ಮೇಲೆ ಸಾಟಾ ಎಸ್‌ಎಸ್‌ಡಿಯಲ್ಲಿ 2.5, ಪಿಸಿಐಇ ಎಸ್‌ಎಸ್‌ಡಿಯಲ್ಲಿ 1.8. ಎಲ್ಲವೂ "ವರೆಗೆ" ಎಂಬ ಸಂಖ್ಯೆಗಳು, ಬರೆದವರು ಅದನ್ನು ಕಟ್ಟಿದವರೇ. ಆದರೆ ಕೊನೆಯ ಎರಡನ್ನು ಪಕ್ಕಪಕ್ಕ ಇಟ್ಟು ನೋಡಿ: ಡ್ರೈವ್ ವೇಗವಾದಂತೆ ಅಂತರ ಇಳಿದಿದೆ. ನಮ್ಮ ವಾದಕ್ಕೆ ಅವರೇ ಸಾಕ್ಷಿ.

ಅದಲ್ಲದೆ 2015ರ ಇಎಕ್ಸ್‌ಟಿ4 ಬೇರೆ, ಈಗಿನದು ಬೇರೆ. ಆಮೇಲೆ ಫಾಸ್ಟ್ ಕಮಿಟ್ ಬಂದಿದೆ, ಎಫ್‌ಸಿಂಕ್ ಹೊರೆ ಇಳಿಸಲಿಕ್ಕೆಂದೇ. ಎಫ್2ಎಫ್‌ಎಸ್ ಕೂಡ ಆಗಿನಂತೆ ಉಳಿದಿಲ್ಲ. ಆ ಪ್ರಬಂಧದ ಅಂಕಿ ಹಿಡಿದು ಇವತ್ತಿನ ಲ್ಯಾಪ್‌ಟಾಪ್ ಬಗ್ಗೆ ತೀರ್ಪು ಕೊಡುವವರನ್ನು ಕಂಡರೆ ನನಗೆ ಆಗುವುದಿಲ್ಲ.

ನಿಶಾಚರಿ
ಡಿಸ್ಕ್ ತುಂಬುತ್ತ ಬಂದರೆ? ನನ್ನ ಡಿಸ್ಕ್ ಯಾವತ್ತೂ ತುಂಬೇ ಇರುತ್ತೆ, ಅದು ನನ್ನ ಜಾತಕ.

ಚಿಪ್ಪಿನೊಳಗೆ
ಹಾಗಾದರೆ ನೀವು ಲಾಗ್ ಫೈಲ್ ಸಿಸ್ಟಮ್‌ನ ಶತ್ರು.

ಖಾಲಿ ಸೆಗ್‌ಮೆಂಟ್‌ಗಳು ಇರುವವರೆಗೆ ಸಾಲಾಗಿ ಬರೆಯುತ್ತದೆ. ಅವು ತೀರಾ ಕಡಿಮೆಯಾದಾಗ, ಪ್ರಬಂಧದ ಕಾಲದಲ್ಲಿ ಆ ಗಡಿ ಒಟ್ಟು ಸೆಗ್‌ಮೆಂಟ್‌ಗಳ 5% ಇತ್ತು, ಥ್ರೆಡೆಡ್ ಲಾಗಿಂಗ್‌ಗೆ ಬದಲಾಗುತ್ತದೆ. ಅಂದರೆ ಅರ್ಧ ತುಂಬಿದ ಸೆಗ್‌ಮೆಂಟ್‌ಗಳ ತೂತುಗಳಲ್ಲೇ ಹೊಸ ಡೇಟಾ ತುರುಕುತ್ತದೆ. ಕ್ಲೀನಿಂಗ್ ಮಾಡಬೇಕಾದ ಪ್ರಮೇಯ ತಪ್ಪುತ್ತದೆ, ಬದಲಿಗೆ ಬರಹ ಮತ್ತೆ ಚದುರುತ್ತದೆ. ಯಾವುದಕ್ಕಾಗಿ ಈ ಫೈಲ್ ಸಿಸ್ಟಮ್ ಹಾಕಿದಿರೋ ಅದನ್ನೇ ಬಿಟ್ಟುಕೊಟ್ಟಂತೆ. ಆದರೂ ನಿಂತುಹೋಗುವುದಕ್ಕಿಂತ ಇದು ಮೇಲು.

ಮಾಮೂಲಿ ಕ್ಲೀನಿಂಗ್ ಎರಡು ಬಗೆ. ತುರ್ತಿನಲ್ಲಿ ಬದುಕಿರುವ ಬ್ಲಾಕ್ ಅತಿ ಕಡಿಮೆ ಇರುವ ಸೆಗ್‌ಮೆಂಟ್ ಹಿಡಿದು ಮುಗಿಸುತ್ತದೆ. ಬಿಡುವಿದ್ದಾಗ ಸೆಗ್‌ಮೆಂಟ್‌ನ ವಯಸ್ಸನ್ನೂ ಲೆಕ್ಕಕ್ಕೆ ತೆಗೆದುಕೊಂಡು ನಿಧಾನಕ್ಕೆ ಆರಿಸುತ್ತದೆ. ಇದಕ್ಕೆಲ್ಲ ಓಡಾಡಲು ಜಾಗ ಬೇಕೆಂದು ಫಾರ್ಮ್ಯಾಟ್ ಮಾಡುವಾಗಲೇ ಒಂದು ಪಾಲನ್ನು ಎತ್ತಿಟ್ಟುಕೊಳ್ಳುತ್ತದೆ. ಸಣ್ಣ ಕಾರ್ಡ್‌ಗಳಲ್ಲಿ ಅದು ಕಣ್ಣಿಗೆ ಹೊಡೆಯುವಷ್ಟಿರುತ್ತದೆ, ಜಾಗ ಎಲ್ಲಿ ಹೋಯಿತು ಎಂದು ಗಾಬರಿ ಬೀಳಬೇಡಿ.

ಟರ್ಮಿನಲ್‌ಪ್ರಿಯೆ
ಫೋನ್‌ನಲ್ಲಿ ಇದಕ್ಕೆ ಉಪಾಯ ಇದೆ: ಚಾರ್ಜ್‌ಗೆ ಹಾಕಿ ಸುಮ್ನೆ ಬಿಟ್ಟಾಗ ಸಿಸ್ಟಮ್ ಕ್ಲೀನಿಂಗನ್ನು ಜೋರಾಗಿ ಓಡಿಸ್ತದೆ. ಲ್ಯಾಪ್‌ಟಾಪ್‌ನಲ್ಲಿ ಹಾಗೆ ಹೇಳೋರು ಯಾರೂ ಇರಲ್ಲ, ಮುಚ್ಚಳ ಮುಚ್ಚಿದ ತಕ್ಷಣ ಅದೂ ನಿದ್ದೆ.

ಹಳೆಡಿಸ್ಕ್
ಇಷ್ಟು ಹೊತ್ತೂ ಎಲ್ಲರೂ ವೇಗ ವೇಗ ಅಂತಿದ್ದೀರಿ. ಉಳಿಯೋದರ ಬಗ್ಗೆ ಯಾರೂ ಕೇಳಲಿಲ್ಲವಲ್ಲ.

ನಾನು ಇಂಥ ಬೋರ್ಡ್‌ಗಳನ್ನು ಬಹಳ ಕಾಲದಿಂದ ನಡೆಸ್ತಾ ಬಂದವನು. ಎಸ್‌ಡಿ ಕಾರ್ಡ್ ಮೇಲೆ ಎಫ್2ಎಫ್‌ಎಸ್ ಚೆನ್ನಾಗಿ ನಡೆಯುತ್ತೆ, ಒಪ್ಪುತ್ತೇನೆ. ಚೆಕ್‌ಪಾಯಿಂಟ್ ಎರಡು ಪ್ರತಿ ಇರುತ್ತೆ, ಒಂದನ್ನು ಬರೆಯುವಾಗ ಕರೆಂಟ್ ಹೋದರೆ ಇನ್ನೊಂದು ಇದೆ. ಆದರೆ ಅಗ್ಗದ ಕಾರ್ಡ್‌ಗಳು ಕರೆಂಟ್ ಹೋದ ಕ್ಷಣದಲ್ಲಿ ತಮ್ಮ ಒಳಗಿನ ನಕ್ಷೆಯನ್ನೇ ಕೆಡಿಸಿಕೊಳ್ತವೆ. ನೀವು ಮುಟ್ಟದೇ ಇದ್ದ ಹಳೆಯ ಡೇಟಾವೂ ಹೋಗಬಹುದು. ಅದಕ್ಕೆ ಮೇಲೆ ಯಾವ ಫೈಲ್ ಸಿಸ್ಟಮ್ ಇದ್ದರೂ ಮಾಡೋದೇನಿಲ್ಲ.

ಎರಡನೆಯದು, ಫೈಲ್ ಒಳಗಿನ ಡೇಟಾಗೆ ಎಫ್2ಎಫ್‌ಎಸ್‌ನಲ್ಲಿ ಚೆಕ್‌ಸಮ್ ಇಲ್ಲ. ಇಎಕ್ಸ್‌ಟಿ4ರಲ್ಲೂ ಇಲ್ಲ ಬಿಡಿ. ಕೆಟ್ಟದ್ದು ಗೊತ್ತಾಗಲೇಬೇಕು ಅಂದರೆ ಬಿಟಿಆರ್‌ಎಫ್‌ಎಸ್ ಕಡೆ ಹೋಗಿ, ಸ್ನ್ಯಾಪ್‌ಶಾಟ್ ಕೂಡ ಅಲ್ಲೇ ಸಿಗೋದು, ಇಲ್ಲಿ ಅದಿಲ್ಲ. ಮೂರನೆಯದು ಎಫ್‌ಎಸ್‌ಸಿಕೆ. ಇಎಕ್ಸ್‌ಟಿ4ರ ರಿಪೇರಿ ಟೂಲ್ ದಶಕಗಳ ಏಟು ತಿಂದು ಗಟ್ಟಿಯಾದದ್ದು. ಎಫ್2ಎಫ್‌ಎಸ್‌ನದು ಸುಧಾರಿಸಿದೆ, ಆದರೂ ಪೂರ್ತಿ ಹಾಳಾದ ಪಾರ್ಟಿಷನ್‌ನಿಂದ ಏನಾದರೂ ಕಿತ್ತುಕೊಳ್ಳಬೇಕು ಅಂದಾಗ ನನ್ನ ನಂಬಿಕೆ ಇನ್ನೂ ಹಳೆಯದರ ಮೇಲೇ.

ಬ್ಯಾಕಪ್ ಇಟ್ಟವರಿಗೆ ಮೂರನೆಯ ಮಾತು ಲೆಕ್ಕಕ್ಕಿಲ್ಲ. ಇಟ್ಟವರು ಎಷ್ಟು ಮಂದಿ ಅನ್ನೋದು ಬೇರೆ ವಿಷಯ.

ಬೈಟುಬೈಟು
ಎಲ್ಲೋ ಓದಿದೆ, ನೋಬ್ಯಾರಿಯರ್ ಅನ್ನೋ ಎಫ್‌ಸಿಂಕ್ ಮೋಡ್ ಹಾಕಿದ್ರೆ ಎಫ್2ಎಫ್‌ಎಸ್ ರಾಕೆಟ್ ಆಗ್ತದಂತೆ?

ಹಳೆಡಿಸ್ಕ್
ಆಗುತ್ತೆ ತಮ್ಮಾ. ಡ್ರೈವ್‌ಗೆ "ಕ್ಯಾಶ್‌ನಲ್ಲಿ ಇರೋದನ್ನು ಈಗಲೇ ಚಿಪ್‌ಗೆ ಇಳಿಸು" ಅಂತ ಹೇಳೋದನ್ನೇ ಬಿಟ್ಟರೆ ಯಾರಾದರೂ ರಾಕೆಟ್ ಆಗ್ತಾರೆ. ಎಫ್‌ಸಿಂಕ್ ಆಯಿತು ಅಂತ ಆ್ಯಪ್ ನಂಬಿರುತ್ತೆ, ಆಗಿರೋದಿಲ್ಲ. ಬ್ಯಾಟರಿ ಇರುವ ಫೋನ್‌ನಲ್ಲಿ ಯಾರೋ ಧೈರ್ಯ ಮಾಡಬಹುದು. ಗೋಡೆಯ ಪ್ಲಗ್‌ಗೆ ನೇತುಬಿದ್ದ ಬೋರ್ಡ್‌ಗೆ ಖಂಡಿತ ಬೇಡ.

ನಿಶಾಚರಿ
ಕಂಪ್ರೆಷನ್ ಇದೆಯಂತಲ್ಲ? ತುಂಬಿದ ಡಿಸ್ಕ್‌ಗೆ ಅದೇ ಮದ್ದಾಗಬಹುದಾ?

ಟರ್ಮಿನಲ್‌ಪ್ರಿಯೆ
ಅಲ್ಲೊಂದು ತಿರುವು ಇದೆ, ಎಲ್ರೂ ಎಡವೋದು ಅಲ್ಲೇ. ಕಂಪ್ರೆಷನ್ ಬಂದದ್ದು ಲಿನಕ್ಸ್ 5.6ರಲ್ಲಿ, ಎಲ್‌ಜೆಡ್‌ಒ ಮತ್ತು ಎಲ್‌ಜೆಡ್4 ಜೊತೆ. ಜೆಡ್‌ಸ್ಟ್ಯಾಂಡರ್ಡ್ 5.7ರಲ್ಲಿ ಸೇರ್ತು. ನಾಲ್ಕು ಬ್ಲಾಕ್‌ಗಳನ್ನು ಒಂದು ಗುಂಪು ಮಾಡಿ ಹಿಂಡುತ್ತದೆ, ಕನಿಷ್ಠ ಒಂದು ಬ್ಲಾಕ್ ಉಳಿದರೆ ಮಾತ್ರ ಹಾಗೆ ಬರೆಯುತ್ತದೆ. ಆದ್ರೆ ಉಳಿದ ಜಾಗ ನಿಮ್ಮ ಕೈಗೆ ಬರಲ್ಲ! ಆ ಫೈಲನ್ನು ಮುಂದೆ ತಿದ್ದಿದಾಗ ಅಷ್ಟು ಹಿಂಡೋಕೆ ಆಗದೆ ಹೋದ್ರೆ ಜಾಗ ಬೇಕಲ್ಲ ಅಂತ ಅದನ್ನ ಅದೇ ಫೈಲ್ ಹೆಸರಲ್ಲಿ ಕಾದಿಟ್ಟಿರ್ತದೆ. ಉದ್ದೇಶ ಜಾಗ ಉಳಿಸೋದಲ್ಲ, ಚಿಪ್ ಮೇಲೆ ಬೀಳೋ ಬರಹ ಕಡಿಮೆ ಮಾಡೋದು.

ಜಾಗ ಬೇಕೇ ಬೇಕು ಅಂದ್ರೆ ಫೈಲ್ ಫೈಲ್‌ಗೆ ಬೇರೆ ಆಜ್ಞೆ ಕೊಟ್ಟು ಬಿಡುಗಡೆ ಮಾಡಿಸ್ಬೇಕು. ಹಾಗೆ ಮಾಡಿದ ಮೇಲೆ ಆ ಫೈಲನ್ನು ತಿದ್ದೋಕಾಗಲ್ಲ, ಮತ್ತೆ ಜಾಗ ಕಾದಿರಿಸಿದ ಮೇಲಷ್ಟೇ. ಇನ್‌ಸ್ಟಾಲ್ ಆದ ಮೇಲೆ ಬದಲಾಗದೇ ಇರೋ ಆ್ಯಪ್ ಫೈಲ್‌ಗಳಿಗೆ ಸರಿ. ನಿಮ್ಮ ಕಂಪೈಲ್ ಡೈರೆಕ್ಟರಿಗೆ ಅರ್ಥವಿಲ್ಲ.

ಶೂನ್ಯಸೂಚಿ
ಇದೇ ವಿನ್ಯಾಸದ ಪ್ರಾಮಾಣಿಕತೆ ಅಂತ ನನಗನಿಸುತ್ತದೆ. ಎಲ್ಲ ಕಡೆಯೂ ಒಂದೇ ಹಠ: ಚಿಪ್ ಮೇಲೆ ಕಡಿಮೆ ಬರೆ, ಒಟ್ಟಿಗೆ ಬರೆ. ಬಳಕೆದಾರನಿಗೆ ಜಾಗ ತೋರಿಸಿ ಖುಷಿಪಡಿಸುವುದು ಅದರ ಪಟ್ಟಿಯಲ್ಲೇ ಇಲ್ಲ.

ಹಾಗೆಯೇ, ಅಂಗಳ ಗುಡಿಸುವ ಇಬ್ಬರ ಜಗಳಕ್ಕೆ ಒಂದು ತೀರ್ಮಾನವೂ ಬಂದಿದೆ, ಅದನ್ನು ಯಾರೂ ಹೇಳಲಿಲ್ಲ. ಜೋನ್ ಇರುವ ಡ್ರೈವ್‌ಗಳಲ್ಲಿ ಪ್ರತಿ ಜೋನ್‌ನಲ್ಲೂ ಮೊದಲಿಂದ ಕೊನೆಗೆ ಸಾಲಾಗಿ ಮಾತ್ರ ಬರೆಯಬಹುದು, ಅಳಿಸುವುದಾದರೆ ಪೂರ್ತಿ ಜೋನ್. ಆಗ ಡ್ರೈವ್ ತಾನಾಗಿ ಕ್ಲೀನಿಂಗ್ ಮಾಡಬೇಕಾದ ಕೆಲಸ ಬಹುಪಾಲು ಉಳಿಯುವುದೇ ಇಲ್ಲ, ಆ ಹೊಣೆ ಮೇಲಿನವರದು. ಸಾಲಾಗಿ ಬರೆಯುವುದೇ ಹುಟ್ಟುಗುಣವಾದ ಎಫ್2ಎಫ್‌ಎಸ್‌ಗೆ ಇದು ಸಲೀಸು, 4.10ರಿಂದಲೇ ಬೆಂಬಲ ಇದೆ. ಇಎಕ್ಸ್‌ಟಿ4ನ್ನು ಅಂಥ ಡ್ರೈವ್ ಮೇಲೆ ನೇರವಾಗಿ ಹಾಕಲು ಬರುವುದಿಲ್ಲ. ಈ ಫೈಲ್ ಸಿಸ್ಟಮ್‌ಗೆ ಸರಿಯಾದ ಜೊತೆ ಅದು, ಮಾಮೂಲಿ ಎನ್‌ವಿಎಂಇ ಅಲ್ಲ.

ನಿಶಾಚರಿ
ಸರಿ, ಹೀಗೆ ಮಾಡ್ತೀನಿ. ಲ್ಯಾಪ್‌ಟಾಪ್‌ಗೆ ಇಎಕ್ಸ್‌ಟಿ4. ಬೋರ್ಡ್‌ನ ಕಾರ್ಡ್‌ಗೆ ಎಫ್2ಎಫ್‌ಎಸ್, ರೀಡಿಂಗ್‌ಗಳ ಪ್ರತಿ ನೆಟ್‌ವರ್ಕ್ ಮೂಲಕ ಬೇರೆ ಕಡೆ. ಟ್ರಿಮ್ (ಯಾವ ಜಾಗ ಖಾಲಿಯಾಯಿತು ಅಂತ ಡ್ರೈವ್‌ಗೆ ತಿಳಿಸೋದು) ಬಗ್ಗೆ ಏನಾದರೂ ಮಾಡಬೇಕಾ?

ಬೈಟುಬೈಟು
ನಾನು ಎರಡನೇ ಕಾಮೆಂಟ್‌ನಲ್ಲೇ ಹೇಳಿದ್ದೆ. ಇಷ್ಟುದ್ದ ಓದಿಸಿದ್ರಿ.

ಚಿಪ್ಪಿನೊಳಗೆ
ಅರ್ಧ ಹೇಳಿದಿರಿ.

@ನಿಶಾಚರಿ ಡಿಸ್ಕಾರ್ಡ್ (ಟ್ರಿಮ್‌ನದೇ ಇನ್ನೊಂದು ಹೆಸರು) ಬೆಂಬಲಿಸುವ ಡ್ರೈವ್ ಆದರೆ ಎಫ್2ಎಫ್‌ಎಸ್ ಅದನ್ನು ಮೊದಲಿಂದಲೇ ಚಾಲೂ ಇಟ್ಟಿರುತ್ತದೆ. ಫೈಲ್ ಅಳಿಸಿದ ತಕ್ಷಣ ಸುರಿಯುವುದಿಲ್ಲ, ಒಟ್ಟುಮಾಡಿಕೊಂಡು ಬಿಡುವಿದ್ದಾಗ ಕಳಿಸುತ್ತದೆ. ಇಎಕ್ಸ್‌ಟಿ4ರಲ್ಲಿ ವಾರಕ್ಕೊಮ್ಮೆ ಓಡುವ ಎಫ್‌ಎಸ್‌ಟ್ರಿಮ್ ಟೈಮರ್ ಇದ್ದರೆ ಸಾಕು. ಲ್ಯಾಪ್‌ಟಾಪ್‌ನಲ್ಲಿ ಎನ್‌ಕ್ರಿಪ್ಷನ್ ಹಾಕುವುದಾದರೆ ಆ ಕೆಲಸ ಮಾಡುವ ಡಿಎಂ-ಕ್ರಿಪ್ಟ್ ತಾನಾಗಿ ಡಿಸ್ಕಾರ್ಡನ್ನು ಕೆಳಗೆ ಬಿಡುವುದಿಲ್ಲ, ನೀವೇ ಅನುಮತಿ ಕೊಡಬೇಕು. ಕೊಟ್ಟರೆ ಡಿಸ್ಕ್‌ನಲ್ಲಿ ಯಾವ ಜಾಗ ಖಾಲಿ ಇದೆ ಎಂಬುದು ಹೊರಗಿನವರಿಗೆ ಕಾಣುತ್ತದೆ. ಅದು ನಿಮಗೆ ಪರವಾಗಿಲ್ಲವೇ ಎಂದು ಮೊದಲು ಯೋಚಿಸಿ.

ಟರ್ಮಿನಲ್‌ಪ್ರಿಯೆ
ಕಾರ್ಡ್ ಫಾರ್ಮ್ಯಾಟ್ ಮಾಡೋ ಮುಂಚೆ ಒಂದು ನಿಮಿಷ ನಿಲ್ಲಿ ನಿಶಾಚರಿ. ಐನೋಡ್ ಚೆಕ್‌ಸಮ್, ಕಂಪ್ರೆಷನ್ ಇವುಗಳ ಬೆಂಬಲ ಫಾರ್ಮ್ಯಾಟ್ ಹೊತ್ತಲ್ಲೇ ಆನ್ ಮಾಡ್ಬೇಕು, ಆಮೇಲೆ ಮೌಂಟ್ ಆಪ್ಷನ್ ಹಾಕಿದ್ರೆ ಸಾಲಲ್ಲ. ಇನ್ನೊಂದು, ನಿಮ್ಮ ಲ್ಯಾಪ್‌ಟಾಪ್‌ನ ಹೊಸ ಟೂಲ್‌ನಲ್ಲಿ ಎಲ್ಲ ಸೌಲಭ್ಯ ಆನ್ ಮಾಡಿ ಫಾರ್ಮ್ಯಾಟ್ ಮಾಡಿದ ಕಾರ್ಡನ್ನ ಬೋರ್ಡ್‌ನ ಹಳೆ ಕರ್ನಲ್ ಮೌಂಟ್ ಮಾಡೋಕೆ ನಿರಾಕರಿಸಬಹುದು. ಬೋರ್ಡ್‌ನ ಬೂಟ್‌ಲೋಡರ್‌ಗೂ ಎಫ್2ಎಫ್‌ಎಸ್ ಓದೋಕೆ ಬರದೇ ಇರಬಹುದು, ಆದ್ದರಿಂದ ಬೂಟ್ ಪಾರ್ಟಿಷನ್ ಮುಟ್ಟಬೇಡಿ, ರೂಟ್ ಮಾತ್ರ ಬದಲಿಸಿ. ಬೋರ್ಡ್‌ನಲ್ಲಿ ಯಾವ ಕರ್ನಲ್ ಇದೆ ನೋಡಿ ಹೇಳಿ, ಯಾವ ಸೌಲಭ್ಯ ಬಿಡಬೇಕು ಅಂತ ನೋಡೋಣ.

ನಿಶಾಚರಿ
5.4.

ಟರ್ಮಿನಲ್‌ಪ್ರಿಯೆ
ಹಾಗಾದ್ರೆ ಕಂಪ್ರೆಷನ್ ಬಿಡಿ, ಅದಕ್ಕೆ 5.6 ಬೇಕು. ಐನೋಡ್ ಚೆಕ್‌ಸಮ್ ನಡೀತದೆ. ಫಾರ್ಮ್ಯಾಟನ್ನು ಬೋರ್ಡ್ ಮೇಲೇ, ಅಲ್ಲಿನ ಟೂಲ್‌ನಿಂದಲೇ ಇನ್ನೊಂದು ಕಾರ್ಡ್‌ಗೆ ಮಾಡಿ, ಆಗ ಈ ಗೊಂದಲವೇ ಇರಲ್ಲ.